ನಿಮ್ಮ ಮಗುವಾಗಿದ್ದರೆ ಏನು ಮಾಡ್ತಿದ್ರಿ ಡಾಕ್ಟ್ರೇ?

ಮಗು ಉಳಿಯಬೇಕಾದರೆ ಒಂದು ಕಣ್ಣು ತೆಗೆಯಬೇಕು. ನಾಳೆ ಬೆಳಿಗ್ಗೆಯೊಳಗೆ ಸಹಿ ಬೇಕು. ಕಾಯಿಲೆ ಮಗುವಿನದು, ತೀರ್ಮಾನದ ಭಾರ ಹೆತ್ತವರದು. ಪ್ರತಿ ಸೆಪ್ಟೆಂಬರ್‌ನಲ್ಲಿ ಬಂಗಾರದ ಬಣ್ಣದ ರಿಬ್ಬನ್ ಕಟ್ಟಿಕೊಂಡು ಮಕ್ಕಳ ಕ್ಯಾನ್ಸರ್ ಬಗ್ಗೆ ಮಾತಾಡುತ್ತೇವೆ. ಈ ಸಲ, ಆ ಫಾರ್ಮಿಗೆ ಸಹಿ ಹಾಕುವವರ ಬಗ್ಗೆ.

ಹುಟ್ಟುಹಬ್ಬದ ಫೋಟೊದಲ್ಲಿ ಅದು ಮೊದಲು ಕಂಡಿತ್ತು. ಮೊಬೈಲಿನ ಫ್ಲಾಶ್ ಬಿದ್ದಾಗ ಎರಡು ವರ್ಷದ ಮಗುವಿನ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ. ‘ಬೆಕ್ಕಿನ ಕಣ್ಣ ಹೊಳದಂಗ ಹೊಳಿತೈತಿ’ ಎಂದ ಅಜ್ಜಿ ಉಪ್ಪು-ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಕಣ್ಣು ಓರೆಯಾಗತೊಡಗಿದ ಮೇಲೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಬೆಂಗಳೂರು.

ಈಗ ಡಾಕ್ಟರು ಎದುರಿಗೆ ಕೂತಿದ್ದಾರೆ. ಗೆಡ್ಡೆ ಕಣ್ಣಿನ ಒಳಗೇ ಇದೆ, ಹೊರಗೆ ಹರಡಿದಂತೆ ಕಾಣುತ್ತಿಲ್ಲ, ಕಣ್ಣು ತೆಗೆದರೆ ಮಗು ಉಳಿಯುತ್ತದೆ ಎನ್ನುತ್ತಿದ್ದಾರೆ. ಅಪ್ಪನ ಕಿವಿಗೆ ಬಿದ್ದದ್ದು ‘ಕಣ್ಣು ತೆಗೆದರೆ’ ಎಂಬಷ್ಟೇ. ‘ಹೆಣ್ ಕೂಸ್ರಿ. ಒಂದ್ ಕಣ್ಣ ತಗದ್ರ ಮುಂದ ಹೆಂಗ್ರಿ?’

ಕಾರಿಡಾರಿಗೆ ಬಂದು ಫೋನು ಹಚ್ಚುತ್ತಾನೆ. ಸೋದರಮಾವ ಹೇಳುತ್ತಾನೆ, ‘ಹೈದರಾಬಾದಿಗೆ ಒಯ್ರಿ, ಅಲ್ಲಿ ಕಣ್ಣ ತಗೀದs ಆರಾಮ ಮಾಡ್ತಾರಂತ.’ ದೊಡ್ಡಪ್ಪ ಹೇಳುತ್ತಾನೆ, ‘ಮದ್ಲ ಊರಿಗೆ ಬರ್ರಿ, ಎಲ್ಲಾರೂ ಕುಂತು ಮಾತಾಡೂಣು.’ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಗೋಡೆಗೆ ಒರಗಿದ್ದಾಳೆ. ಅವಳನ್ನು ಇನ್ನೂ ಯಾರೂ ಏನೂ ಕೇಳಿಲ್ಲ. ಕೊನೆಗೆ ಅವಳೇ ಡಾಕ್ಟರ ಕೋಣೆಯ ಬಾಗಿಲಿಗೆ ಹೋಗಿ ಕೇಳುತ್ತಾಳೆ: ‘ನಿಮ್ ಕೂಸಿಗೆ ಹಿಂಗಾಗಿದ್ರ ನೀವ್ ಏನ್ ಮಾಡ್ತಿದ್ರಿ ಡಾಕ್ಟ್ರ?’

ಇದು ಯಾವುದೋ ಒಂದೇ ಮನೆಯ ಕಥೆಯಲ್ಲ. ಊರು ಬೇರೆಯಾಗುತ್ತದೆ, ಕಾಯಿಲೆ ಬೇರೆಯಾಗುತ್ತದೆ, ಮಾತಿನ ಧಾಟಿಯೂ ಬೇರೆಯಾಗುತ್ತದೆ. ಮಂಡ್ಯದವರಾಗಲಿ ಬೀದರಿನವರಾಗಲಿ, ಕೊನೆಗೆ ಬಂದು ನಿಲ್ಲುವುದು ಇದೇ ಪ್ರಶ್ನೆಯಲ್ಲಿ.

ಕಣ್ಣೋ, ಪ್ರಾಣವೋ

ಆ ಮಗುವಿಗಿರುವುದು ರೆಟಿನೋಬ್ಲಾಸ್ಟೊಮಾ, ಅಕ್ಷಿಪಟಲದ ಕ್ಯಾನ್ಸರ್. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಈ ಕಾಯಿಲೆಯ ಮಕ್ಕಳು ಜಗತ್ತಿನಲ್ಲಿ ಅತಿ ಹೆಚ್ಚು ಇರುವುದು ನಮ್ಮ ದೇಶದಲ್ಲಿ. ಗೆಡ್ಡೆ ಕಣ್ಣೊಳಗೇ ಇರುವಾಗ ಚಿಕಿತ್ಸೆಯಾದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ. ಕಣ್ಣಿನ ನರ ಹಿಡಿದು ಅದು ಮೆದುಳಿನತ್ತ ಹೊರಟಿತೆಂದರೆ ಆ ಭರವಸೆ ಬಹಳ ಕುಗ್ಗುತ್ತದೆ.

ಎಲ್ಲ ಮಕ್ಕಳಿಗೂ ಕಣ್ಣು ತೆಗೆಯಬೇಕೆಂದೇನಿಲ್ಲ. ಗೆಡ್ಡೆ ಚಿಕ್ಕದಿದ್ದರೆ ಕಿಮೊಥೆರಪಿ, ಲೇಸರ್, ಶೀತ ಚಿಕಿತ್ಸೆಗಳಿಂದ ಕಣ್ಣು ಉಳಿಸಬಹುದು. ಗೆಡ್ಡೆ ದೊಡ್ಡದಾಗಿ ದೃಷ್ಟಿ ಹೋಗಿದ್ದರೆ ಆ ಕಣ್ಣನ್ನು ತೆಗೆಯುವುದೇ ಸುರಕ್ಷಿತ ದಾರಿ. ತೆಗೆದ ಜಾಗದಲ್ಲಿ ಸಣ್ಣ ಗೋಲಿ ಕೂರಿಸಿ, ಗಾಯ ಮಾಗಿದ ಮೇಲೆ ಇನ್ನೊಂದು ಕಣ್ಣಿಗೆ ಹೊಂದುವ ಕೃತಕ ಕಣ್ಣು ಹಾಕುತ್ತಾರೆ. ಮಗು ಶಾಲೆಗೆ ಹೋಗುತ್ತದೆ, ಸೈಕಲ್ ತುಳಿಯುತ್ತದೆ, ಉಳಿದ ಕಣ್ಣಲ್ಲಿ ಓದುತ್ತದೆ.

ಕಾಗದದ ಮೇಲೆ ಇದು ಸುಲಭದ ಲೆಕ್ಕ. ಆದರೆ ಸೋದರಮಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಎಲ್ಲೋ, ಯಾವುದೋ ಮಗುವಿನ ಕಣ್ಣು ಉಳಿದಿದೆ. ಆ ‘ಎಲ್ಲೋ’ ಎಂಬುದೇ ತಂದೆತಾಯಿಯ ಕಾಲಿಗೆ ತೊಡರುತ್ತದೆ. ಊರಿಗೆ ಹೋಗಿ ವಿಚಾರ ಮಾಡಿ ಬರುತ್ತೇವೆಂದು ಹೊರಟವರು ಆರು ತಿಂಗಳ ಮೇಲೆ ಕಣ್ಣು ಹೊರಚಾಚಿದ ಮಗುವನ್ನು ಎತ್ತಿಕೊಂಡು ಮರಳಿದ್ದನ್ನು ಭಾರತದ ಕಣ್ಣಿನ ವೈದ್ಯರು ಮತ್ತೆಮತ್ತೆ ದಾಖಲಿಸಿದ್ದಾರೆ.

ಶುರುವಾದ ಚಿಕಿತ್ಸೆಯನ್ನು ಸತತ ನಾಲ್ಕು ವಾರ ಅಥವಾ ಹೆಚ್ಚು ಕಾಲ ತಪ್ಪಿಸಿದರೆ ವೈದ್ಯರು ಅದನ್ನು ‘ಚಿಕಿತ್ಸೆ ಕೈಬಿಟ್ಟ’ ಪ್ರಕರಣವೆಂದು ಬರೆದುಕೊಳ್ಳುತ್ತಾರೆ. ಬಡ ದೇಶಗಳಲ್ಲಿ ವಾಸಿಯಾಗಬಹುದಾದ ಮಕ್ಕಳು ಸಾಯಲು ಇದು ದೊಡ್ಡ ಕಾರಣ. ಆ ಪದ ಕೇಳಿದರೆ ನನಗೆ ಸಂಕಟವಾಗುತ್ತದೆ. ಅದರಲ್ಲಿ ತಂದೆತಾಯಿ ಮಗುವನ್ನೇ ಕೈಬಿಟ್ಟರೆಂಬ ಧ್ವನಿಯಿದೆ. ಎಷ್ಟೋ ಸಲ ನಿಜವಾಗಿ ಆಗಿರುವುದು, ಅವರನ್ನು ಕಾರಿಡಾರಿನಲ್ಲಿ ಒಂಟಿಯಾಗಿ ಬಿಟ್ಟಿರುವುದು.

> ಬಿಳಿ ಹೊಳಪು ಕಂಡರೆ
> ಫ್ಲಾಶ್ ಹಾಕಿ ತೆಗೆದ ಫೋಟೊದಲ್ಲಿ ಮಗುವಿನ ಕಣ್ಣಪಾಪೆ ಬೆಳ್ಳಗೆ ಹೊಳೆದರೆ, ಕಣ್ಣು ಹೊಸದಾಗಿ ಓರೆಯಾದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಕ್ಯಾನ್ಸರ್ ಅಲ್ಲದೆ ಬೇರೆ ಕಾರಣವೂ ಇರಬಹುದು, ಆದರೆ ನೋಡಿಸಲೇಬೇಕು. ಒಂದು ಮಗುವಿಗೆ ರೆಟಿನೋಬ್ಲಾಸ್ಟೊಮಾ ಇದ್ದರೆ ಅಣ್ಣ-ತಮ್ಮ, ಅಕ್ಕ-ತಂಗಿಯರ ಕಣ್ಣನ್ನೂ ಪರೀಕ್ಷಿಸಬೇಕು.

ಆಯ್ಕೆ ಬಂದದ್ದು ನಿನ್ನೆ ಮೊನ್ನೆ

ನಮ್ಮ ಅಜ್ಜ-ಅಜ್ಜಿಯರಿಗೆ ಈ ಕಷ್ಟವಿರಲಿಲ್ಲ, ಅವರಿಗೆ ಆಯ್ಕೆಯೇ ಇರಲಿಲ್ಲ. ರಕ್ತದ ಕ್ಯಾನ್ಸರ್ ಬಂದ ಮಗು ಕೆಲವೇ ವಾರ, ಕೆಲವೇ ತಿಂಗಳಲ್ಲಿ ತೀರಿಹೋಗುತ್ತಿತ್ತು. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟು, ಅವರಲ್ಲಿ 10 ಮಂದಿ ಕೆಲಕಾಲ ಚೇತರಿಸಿಕೊಂಡರೆಂದು ಪ್ರಕಟಿಸಿದರು. ಆ ಔಷಧ ಬಂದದ್ದು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡದಿಂದ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು.

ಅಲ್ಲಿಂದ ಇಲ್ಲಿಗೆ ಬಂದಿರುವ ದೂರ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಹಲವೆಡೆ 30ಕ್ಕಿಂತ ಕಡಿಮೆ. 2030ರ ಹೊತ್ತಿಗೆ ಎಲ್ಲೆಡೆ ಕನಿಷ್ಠ 60ಕ್ಕೆ ಮುಟ್ಟಬೇಕೆಂದು 2018ರಲ್ಲಿ ಆ ಸಂಸ್ಥೆ ಗುರಿ ಇಟ್ಟುಕೊಂಡಿದೆ.

ಔಷಧ ಬಂತು, ಜೊತೆಗೆ ಸಹಿ ಹಾಕುವ ಫಾರ್ಮೂ ಬಂತು. ಕಿಮೊಥೆರಪಿಗೆ ಒಂದು, ಬೆನ್ನುಹುರಿಯ ನೀರು ತೆಗೆಯಲು ಒಂದು, ರಕ್ತ ಏರಿಸಲು ಒಂದು. ಕಾಲಿನ ಮೂಳೆ ಕ್ಯಾನ್ಸರ್ ಆದರೆ ಕಾಲು ಉಳಿಸುವುದೋ ತೆಗೆಯುವುದೋ ಎಂಬುದಕ್ಕೆ ಮತ್ತೊಂದು.

ಕೇಳಿಸಿತು, ತಲೆಗೆ ಹೋಗಲಿಲ್ಲ

ವೈದ್ಯರು ಹೇಳಿದ್ದರಲ್ಲಿ ನೂರಕ್ಕೆ 40ರಿಂದ 80 ಭಾಗವನ್ನು ಜನ ಅಲ್ಲಿಂದಲ್ಲಿಗೇ ಮರೆಯುತ್ತಾರೆಂದು 2003ರ ಒಂದು ಪ್ರಸಿದ್ಧ ವಿಮರ್ಶಾ ಲೇಖನ ಹೇಳಿತ್ತು. ಅದು ಎಲ್ಲ ಬಗೆಯ ರೋಗಿಗಳ ಮಾತು. ‘ಕ್ಯಾನ್ಸರ್’ ಎಂಬ ಶಬ್ದ ಕಿವಿಗೆ ಬಿದ್ದ ತಾಯಿಯ ಸ್ಥಿತಿ ಊಹಿಸಿಕೊಳ್ಳಿ. ಎರಡು ರಾತ್ರಿ ನಿದ್ದೆಯಿಲ್ಲ, ಊಟ ಸೇರಿಲ್ಲ, ಮಗು ಸೂಜಿಗೆ ಹೆದರಿ ಕೊರಳು ಬಿಡುತ್ತಿಲ್ಲ. ಅಂಥ ಹೊತ್ತಲ್ಲೇ ಅವಳ ಮುಂದೆ ಎರಡು ದಾರಿ ಇಟ್ಟು, ಎರಡರ ಅಪಾಯವನ್ನೂ ಶೇಕಡಾವಾರಿನಲ್ಲಿ ಹೇಳಿ, ‘ಯೋಚನೆ ಮಾಡಿ’ ಎನ್ನುತ್ತಾರೆ.

ಯೋಚನೆಗೆ ಬದಲು ಬರುವುದು ತಪ್ಪಿತಸ್ಥ ಭಾವ. ಬಸುರಿಯಾಗಿದ್ದಾಗ ಏನು ತಿಂದೆ? ಗ್ರಹಣದ ದಿನ ಹೊರಗೆ ಬಂದೆನಾ? ಜ್ವರ ಬಂದಾಗಲೇ ತೋರಿಸಿದ್ದರೆ? ಮಕ್ಕಳ ಕ್ಯಾನ್ಸರಿಗೆ ಬಹುತೇಕ ಇಂಥದೇ ಕಾರಣವೆಂದು ಬೊಟ್ಟು ಮಾಡಲಾಗದು. ಸುಮಾರು ನೂರಕ್ಕೆ ಹತ್ತು ಮಕ್ಕಳಲ್ಲಿ ಮಾತ್ರ ಆನುವಂಶಿಕ ಕಾರಣ ಸಿಗುತ್ತದೆ. ತಾಯಿ ಮಾಡಿದ್ದರಿಂದ ಬಂದದ್ದಲ್ಲ ಎಂಬ ಮಾತನ್ನು ಮೊದಲ ದಿನವೇ, ಅತ್ತೆ-ಮಾವನಿಗೂ ಕೇಳಿಸುವಂತೆ ವೈದ್ಯರು ಹೇಳಬೇಕು. ಆ ಒಂದು ಮಾತು ಎಷ್ಟೋ ಮನೆಗಳನ್ನು ಒಡೆಯದಂತೆ ಕಾಯುತ್ತದೆ.

ಇನ್ನು ದುಡ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಆಸರೆ ಇದೆ. 2023ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ತಾಯಿಗೆ ಪ್ರಯಾಣ ಉಚಿತ. ಆದರೆ ಕಾರ್ಡು ಆಸ್ಪತ್ರೆಯ ಬಿಲ್ಲು ನೋಡಿಕೊಂಡರೂ ನಿಂತುಹೋದ ಕೂಲಿಯನ್ನು ಕಟ್ಟಿಕೊಡುವುದಿಲ್ಲ. ಹಾಗಾಗಿ ವಾರ ಕಳೆಯುವುದರೊಳಗೆ ಅಪ್ಪ ಊರಿಗೆ ಮರಳುತ್ತಾನೆ, ಹಿರಿ ಮಗ ಅಜ್ಜಿಯ ಮನೆ ಸೇರುತ್ತಾನೆ, ಧರ್ಮಶಾಲೆಯಲ್ಲಿ ತಾಯಿ ಒಬ್ಬಳೇ ಉಳಿಯುತ್ತಾಳೆ. ಹಗಲೂ ರಾತ್ರಿ ಮಗುವಿನ ಜೊತೆಗಿರುವವಳು ಅವಳು. ಸಹಿ ಮಾತ್ರ ಊರಿಂದ ಬರಬೇಕು.

ಫ್ರಾನ್ಸಿನ ಅಳು, ಅಮೆರಿಕದ ಅಳು

ತಂದೆತಾಯಿಗೆ ತೀರ್ಮಾನದ ಹಕ್ಕು ಕೊಡುವುದು ಅವರಿಗೆ ಕೊಡುವ ಗೌರವ. ಅದು ಹೊರೆಯೂ ಆಗಬಹುದೆಂದು ತೋರಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸಿಮೊನಾ ಬೊಟ್ಟಿ, ಕ್ರಿಸ್ಟಿನಾ ಓರ್‌ಫಾಲಿ ಮತ್ತು ಶೀನಾ ಅಯ್ಯಂಗಾರ್ ಎಂಬ ಮೂವರು ಸಂಶೋಧಕಿಯರು ಅಮೆರಿಕ ಮತ್ತು ಫ್ರಾನ್ಸಿನಲ್ಲಿ ನವಜಾತ ಶಿಶುಗಳನ್ನು ಕಳೆದುಕೊಂಡ ತಂದೆತಾಯಿಯರ ಅನುಭವಗಳನ್ನು ಎದುರು-ಬದುರು ಇಟ್ಟು ನೋಡಿದರು.

ಎರಡೂ ಕಡೆ ಆದದ್ದು ಒಂದೇ. ಉಳಿಯುವ ಆಸೆ ಇಲ್ಲದ ಕೂಸಿನ ಜೀವರಕ್ಷಕ ಯಂತ್ರ ತೆಗೆಯಲಾಯಿತು, ಕೂಸು ತೀರಿಕೊಂಡಿತು. ವ್ಯತ್ಯಾಸ ಒಂದೇ: ಅಮೆರಿಕದಲ್ಲಿ ತೆಗೆಯಿರಿ ಎಂದು ಹೇಳಬೇಕಾದವರು ತಂದೆತಾಯಿ. ಫ್ರಾನ್ಸಿನಲ್ಲಿ ತಂದೆತಾಯಿ ವಿರೋಧಿಸದಿದ್ದರೆ ವೈದ್ಯರೇ ತೀರ್ಮಾನಿಸುತ್ತಿದ್ದರು.

ತಿಂಗಳುಗಳು ಕಳೆದ ಮೇಲೂ ಅಮೆರಿಕದ ತಂದೆತಾಯಿಯರಲ್ಲಿ ‘ಬೇರೆ ಮಾಡಬಹುದಿತ್ತೇನೋ’ ಎಂಬ ಕೊರಗು, ಅಪರಾಧ ಭಾವ, ಸಿಟ್ಟು ಹೆಚ್ಚಿದ್ದವು. ಫ್ರೆಂಚರ ದುಃಖ ಸಣ್ಣದಲ್ಲ. ಆದರೆ ಆಗಬೇಕಾದದ್ದೇ ಆಯಿತು ಎಂದು ಅವರು ಹೇಳಿಕೊಳ್ಳಬಲ್ಲವರಾಗಿದ್ದರು.

ಹಾಗಾದರೆ ಎಲ್ಲ ಡಾಕ್ಟರರ ಕೈಗೆ ಕೊಟ್ಟುಬಿಡೋಣವೇ? ಅಷ್ಟು ಸರಳವಿಲ್ಲ. ಇಷ್ಟು ನೊಂದರೂ ಅಮೆರಿಕದ ತಂದೆತಾಯಿ ಆ ಹಕ್ಕನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಬೇರೆಯವರು ತೀರ್ಮಾನಿಸುವುದನ್ನು ಅವರಿಂದ ಊಹಿಸಿಕೊಳ್ಳಲೂ ಆಗಲಿಲ್ಲ.

ವೈದ್ಯರ ಮಾತೇ ಕೊನೆಯಾದಾಗ ಏನಾಗಬಹುದೆಂಬುದಕ್ಕೆ ಇಂಗ್ಲೆಂಡಿನ ಚಾರ್ಲಿ ಗಾರ್ಡ್ ಪ್ರಕರಣವಿದೆ. ವಿರಳ ಮೈಟೊಕಾಂಡ್ರಿಯಾ ಕಾಯಿಲೆಯ ಆ ಕೂಸನ್ನು ಪ್ರಾಯೋಗಿಕ ಚಿಕಿತ್ಸೆಗೆ ಅಮೆರಿಕಕ್ಕೆ ಒಯ್ಯಲು ತಂದೆತಾಯಿ ಸಾರ್ವಜನಿಕರಿಂದ 13 ಲಕ್ಷ ಪೌಂಡ್‌ಗೂ ಹೆಚ್ಚು ಹಣ ಕೂಡಿಸಿದ್ದರು. ಅದರಿಂದ ಕೂಸಿಗೆ ನರಳಾಟವಷ್ಟೇ ಎಂದಿತು ಆಸ್ಪತ್ರೆ. ಕೋರ್ಟುಗಳು ಆಸ್ಪತ್ರೆಯ ಮಾತನ್ನು ಎತ್ತಿಹಿಡಿದವು. ಮೊದಲ ಹುಟ್ಟುಹಬ್ಬಕ್ಕೆ ಒಂದು ವಾರವಿದ್ದಾಗ, 2017ರ ಜುಲೈ 28ರಂದು ಚಾರ್ಲಿ ತೀರಿಕೊಂಡ. ವೈದ್ಯಶಾಸ್ತ್ರದ ದೃಷ್ಟಿಯಿಂದ ಆಸ್ಪತ್ರೆ ಹೇಳಿದ್ದು ಸರಿಯೇ ಇರಬಹುದು. ಆದರೆ ಆ ತಂದೆತಾಯಿ ತಮ್ಮ ಮಗನ ಕೊನೆಯ ತಿಂಗಳುಗಳನ್ನು ವಕೀಲರ ನಡುವೆ ಕಳೆಯಬೇಕಾಯಿತು.

ಒಳ್ಳೆಯ ಅಮ್ಮ, ಒಳ್ಳೆಯ ಅಪ್ಪ

ಅಮೆರಿಕದ ನರ್ಸಿಂಗ್ ಸಂಶೋಧಕಿ ಪಮೇಲಾ ಹಿಂಡ್ಸ್ ಈ ಗಂಟನ್ನು ಬೇರೆ ತುದಿಯಿಂದ ಬಿಚ್ಚಲು ನೋಡಿದರು. ಯಾವ ಚಿಕಿತ್ಸೆ ಬೇಕೆಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಈ ಸ್ಥಿತಿಯಲ್ಲಿ ಒಳ್ಳೆಯ ತಾಯಿ, ಒಳ್ಳೆಯ ತಂದೆ ಎಂದರೆ ನಿಮಗೆ ಏನು ಎಂದು ಕೇಳಿದರು. ಮಗುವಿಗೆ ಸರಿಯಾದದ್ದನ್ನು ಮಾಡಬೇಕು, ಪಕ್ಕದಲ್ಲೇ ಇರಬೇಕು, ನೋವಾಗಬಾರದು, ಪ್ರೀತಿ ಗೊತ್ತಾಗಬೇಕು ಎಂಬಂಥ ಉತ್ತರಗಳು ಬಂದವು. ಒಬ್ಬರಿಗೆ ಕೊನೆಯ ಔಷಧದವರೆಗೂ ಹೋರಾಡುವುದು ಒಳ್ಳೆಯ ತಂದೆಯ ಲಕ್ಷಣ. ಇನ್ನೊಬ್ಬರಿಗೆ ಇನ್ನೊಂದು ಸೂಜಿ ಚುಚ್ಚಿಸದಿರುವುದು.

ಇದು ಗೊತ್ತಾದರೆ ವೈದ್ಯರಿಗೆ ದಾರಿ ತೆರೆಯುತ್ತದೆ. ‘ನಿಮಗೆ ಯಾವುದು ಮುಖ್ಯ ಎಂಬುದನ್ನು ಕೇಳಿಸಿಕೊಂಡೆ. ಅದನ್ನು ಇಟ್ಟುಕೊಂಡು ನೋಡಿದರೆ ಈ ದಾರಿ ಸರಿ ಎಂದು ನನಗೆ ಅನ್ನಿಸುತ್ತದೆ. ನಿಮಗೆ ಒಪ್ಪಿಗೆಯಾದರೆ ಇದನ್ನೇ ಮಾಡೋಣ.’ ಹೀಗೆ ಹೇಳಿದಾಗ ಹಕ್ಕು ತಂದೆತಾಯಿಯ ಕೈಯಲ್ಲೇ ಉಳಿಯುತ್ತದೆ, ಸಲಹೆಯ ಹೊಣೆಯನ್ನು ವೈದ್ಯರು ಹೊರುತ್ತಾರೆ.

‘ನಿಮ್ಮ ಮಗುವಾಗಿದ್ದರೆ’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಡಿ, ಅದು ಒತ್ತಡ ಹೇರಿದಂತೆ ಎಂಬ ವಾದವಿದೆ. ಆ ಎಚ್ಚರ ನನಗೆ ಅರ್ಥವಾಗುತ್ತದೆ. ಡಾಕ್ಟರರ ಮಗುವಿಗೂ ಕೂಲಿಯವರ ಮಗುವಿಗೂ ಬದುಕು ಒಂದೇ ಅಲ್ಲ. ಆದರೆ ಆ ತಾಯಿ ಅಂಕಿಸಂಖ್ಯೆ ಕೇಳುತ್ತಿಲ್ಲ. ನನ್ನ ಜೊತೆ ನಿಲ್ಲುತ್ತೀರಾ ಎಂದು ಕೇಳುತ್ತಿದ್ದಾಳೆ. ‘ಅದು ನಿಮ್ಮ ತೀರ್ಮಾನ, ನಾನು ಹೇಳಲಾಗದು’ ಎನ್ನುವುದನ್ನು ನಾನು ತಟಸ್ಥತೆ ಎಂದು ಒಪ್ಪಲಾರೆ. ಕಣ್ಣು ತೆಗೆದರೆ ಮಗು ಉಳಿಯುತ್ತದೆಂದು ಗೊತ್ತಿರುವ ವೈದ್ಯರು, ‘ನನ್ನ ಮಗುವಾಗಿದ್ದರೂ ನಾನು ಅಳುತ್ತಲೇ ಇದಕ್ಕೆ ಒಪ್ಪುತ್ತಿದ್ದೆ’ ಎಂದು ಹೇಳಲೇಬೇಕು.

ರಾತ್ರಿ ಎರಡು ಗಂಟೆಯ ಜ್ವರ

ದೊಡ್ಡ ತೀರ್ಮಾನ ಮುಗಿದರೆ ಒತ್ತಡ ಮುಗಿಯಿತೆಂದಲ್ಲ. ಮಕ್ಕಳಲ್ಲಿ ಹೆಚ್ಚು ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ. ಮೊದಲ ತಿಂಗಳುಗಳ ತೀವ್ರ ಚಿಕಿತ್ಸೆ ಕಳೆದ ಮೇಲೆ ಮಗು ಮನೆಯಲ್ಲಿರುತ್ತದೆ, ದಿನವೂ ಮಾತ್ರೆ. ಬಿಳಿ ರಕ್ತಕಣ ಇಳಿದಿರುವ ಮಗುವಿಗೆ 100.4 ಡಿಗ್ರಿ ಜ್ವರ ಬಂದರೂ ಅದು ತುರ್ತು. ಬೇಗನೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಬೀಳಬೇಕು.

ಲಿಂಗಸುಗೂರಿನ ಹತ್ತಿರದ ಹಳ್ಳಿಯಲ್ಲಿ, ರಾತ್ರಿ ಎರಡು ಗಂಟೆಗೆ, ಥರ್ಮಾಮೀಟರು ಹಿಡಿದ ತಾಯಿ ಏನು ಮಾಡಬೇಕು? ಬೆಳಗಿನವರೆಗೆ ಕಾಯುವುದೋ? ಹತ್ತಿರದ ನರ್ಸಿಂಗ್ ಹೋಮಿನವರು ಮುಟ್ಟುತ್ತಾರೋ, ‘ಬೆಂಗಳೂರಿಗೇ ಒಯ್ರಿ’ ಎನ್ನುತ್ತಾರೋ? ಸಾಲ ಮಾಡಿ ಕಾರು ಮಾಡಿದ ಮೇಲೆ ಜ್ವರ ಇಳಿದರೆ ಮನೆಯವರು ಏನೆನ್ನುತ್ತಾರೆ? ಇಂಥ ತೀರ್ಮಾನಗಳಿಗೆ ಫಾರ್ಮಿಲ್ಲ, ಸಾಕ್ಷಿಯಿಲ್ಲ. ನೂರಾರು ಸಲ ಅವಳೊಬ್ಬಳೇ ತೆಗೆದುಕೊಳ್ಳುತ್ತಾಳೆ.

ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಬೆಂಗಳೂರಿನಲ್ಲಿ 1973ರಿಂದಲೂ ಇದೆ, ಕಲಬುರಗಿಯಲ್ಲಿ ಅದರ ಶಾಖೆಯಿದೆ. ಆದರೆ ರಾತ್ರಿಯ ಜ್ವರಕ್ಕೆ ಬೇಕಾದದ್ದು ಜಿಲ್ಲಾ ಆಸ್ಪತ್ರೆಯಲ್ಲೇ ಇರಬೇಕು: ‘ಇದು ಕ್ಯಾನ್ಸರ್ ಮಗು, ಜ್ವರ ಬಂದರೆ ಇಂಥ ಔಷಧ ಕೂಡಲೇ ಶುರುಮಾಡಿ’ ಎಂದು ಬರೆದ ಒಂದು ಚೀಟಿ, ಅದನ್ನು ಓದಿ ಸೂಜಿ ಹಾಕುವ ಒಬ್ಬ ವೈದ್ಯ.

ಚಿಕಿತ್ಸೆ ಮುಗಿದು ಮಗು ಶಾಲೆಗೆ ಹೋದಮೇಲೂ ಆ ರಾತ್ರಿಗಳು ತಾಯಿಯನ್ನು ಬಿಡುವುದಿಲ್ಲ. ಮಗು ಗುಣವಾಗಿ ವರ್ಷಗಳಾದ ಮೇಲೂ ತಂದೆತಾಯಿಯರಲ್ಲಿ ಆಘಾತದ ನಂತರದ ಒತ್ತಡದ ಲಕ್ಷಣಗಳು ಉಳಿದಿರುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಆನ್ ಕಜಾಕ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಸಾಮಾನ್ಯ ನೆಗಡಿಗೂ ಎದೆ ಹೊಡೆದುಕೊಳ್ಳುವುದು, ಆಸ್ಪತ್ರೆಯ ವಾಸನೆಗೆ ಕೈ ನಡುಗುವುದು. ಊರವರು ‘ಇನ್ನೂ ಯಾಕೆ ಹೆದರ್ತೀ’ ಎನ್ನುತ್ತಾರೆ.

> ಸಹಿ ಹಾಕುವ ಮುನ್ನ
> ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಹೇಳಿದಂತೆ, ಚಿಕಿತ್ಸೆ ಏನು, ಯಾಕೆ, ಅದರ ಅಪಾಯಗಳೇನು, ಬೇರೆ ದಾರಿ ಇದೆಯೇ, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ಒಪ್ಪಿಗೆ ಪಡೆಯುವ ಮೊದಲು ತಿಳಿಸಬೇಕು. ಕನ್ನಡದಲ್ಲಿ ಹೇಳಿ ಎಂದು ಕೇಳಿ. ವೈದ್ಯರು ಒಪ್ಪಿದರೆ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಊರಿನ ಹಿರಿಯರಿಗೂ ಕೇಳಿಸಿ.
>
> ಮನಸ್ಸು ತಡೆಯದಾದಾಗ
> ಟೆಲಿ-ಮಾನಸ್ ಉಚಿತ ಸಹಾಯವಾಣಿ: 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದಕ್ಕೆ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಕನ್ನಡದಲ್ಲಿ ಮಾತಾಡಬಹುದು.

ಮಗುವಿಗೆ ಹೇಳುವುದೋ ಬೇಡವೋ

ವಾರ್ಡಿನಲ್ಲಿ ಯಾರೂ ಆ ಕಾಯಿಲೆಯ ಹೆಸರೆತ್ತುವುದಿಲ್ಲ. ‘ರಕ್ತ ಕಡಿಮೆಯಾಗಿದೆ ಪುಟ್ಟಾ’ ಎನ್ನುತ್ತಾರೆ. ಮಗುವಿಗೆ ಗೊತ್ತಿರುವುದಿಲ್ಲವೆಂದು ನಂಬುತ್ತಾರೆ. ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ ರಕ್ತದ ಕ್ಯಾನ್ಸರ್ ಇದ್ದ ಪುಟ್ಟ ಮಕ್ಕಳ ಜೊತೆ ಕಾಲ ಕಳೆದು 1978ರಲ್ಲಿ ಪುಸ್ತಕ ಬರೆದರು. ಯಾರೂ ಹೇಳದಿದ್ದರೂ ಮಕ್ಕಳಿಗೆ ಎಲ್ಲ ಗೊತ್ತಿತ್ತು. ಅಪ್ಪ-ಅಮ್ಮ ಅಳುತ್ತಾರೆಂದು ಗೊತ್ತಿಲ್ಲದವರಂತೆ ಇರುತ್ತಿದ್ದರು.

ಸ್ವೀಡನ್ನಿನ ಉಲ್ರಿಕಾ ಕ್ರೈಸ್‌ಬರ್ಗ್ಸ್ 2004ರಲ್ಲಿ ಕ್ಯಾನ್ಸರಿನಿಂದ ಮಗುವನ್ನು ಕಳೆದುಕೊಂಡ 429 ತಂದೆತಾಯಿಯರ ಉತ್ತರಗಳನ್ನು ಪ್ರಕಟಿಸಿದರು. ಮಗುವಿನ ಜೊತೆ ಸಾವಿನ ಬಗ್ಗೆ ಮಾತಾಡಿದ 147 ಮಂದಿಯಲ್ಲಿ ಒಬ್ಬರಿಗೂ ಅದಕ್ಕಾಗಿ ಪಶ್ಚಾತ್ತಾಪವಿರಲಿಲ್ಲ. ಮಾತಾಡದ 258 ಮಂದಿಯಲ್ಲಿ 69 ಮಂದಿಗೆ, ಮಾತಾಡಬೇಕಿತ್ತು ಎಂಬ ಕೊರಗಿತ್ತು. ನಮ್ಮ ಮನೆಗಳು ಸ್ವೀಡನ್ನಿನ ಮನೆಗಳಲ್ಲ, ಇಲ್ಲಿ ಅಜ್ಜಿಯ ತೊಡೆಯ ಮೇಲೆ ಕಥೆಯ ರೂಪದಲ್ಲೇ ಆ ಮಾತು ಬರಬಹುದು. ಆದರೆ ‘ನಾನು ಸಾಯ್ತೀನಾ’ ಎಂದು ಮಗುವೇ ಕೇಳಿದಾಗ ಟಿವಿ ಹಾಕಿ ಮುಖ ತಿರುಗಿಸಿದರೆ, ಆ ಪ್ರಶ್ನೆಯ ಜೊತೆ ಮಗು ಒಂಟಿಯಾಗುತ್ತದೆ.

ಹೇಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನೂ ತಂದೆತಾಯಿಯೇ ತೀರ್ಮಾನಿಸಲಿ ಎಂದು ಬಿಟ್ಟುಬಿಡುವುದು ನಮ್ಮ ಆಸ್ಪತ್ರೆಗಳ ರೂಢಿ. ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಆಪ್ತ ಸಮಾಲೋಚಕಿ ಬೇಕೆಂಬುದು ಇನ್ನೂ ಐಷಾರಾಮದ ಬೇಡಿಕೆಯಂತೆ ಕಾಣುತ್ತದೆ. ಔಷಧದ ಟೆಂಡರಿನಷ್ಟೇ ಗಟ್ಟಿಯಾಗಿ ಆ ಹುದ್ದೆ ಬಜೆಟ್ಟಿನಲ್ಲಿ ಕೂರಬೇಕು. ಎರಡು ಸಲ ಕೂತು ಮಾತಾಡಲು ಒಂದು ಕೋಣೆ, ಮೊದಲ ದಿನ ಹೇಳಿದ್ದನ್ನು ಎರಡನೆಯ ದಿನ ಮತ್ತೆ ಹೇಳುವ ತಾಳ್ಮೆ, ಅದೇ ದಾರಿ ನಡೆದು ಬಂದ ಇನ್ನೊಬ್ಬ ತಾಯಿಯ ಪರಿಚಯ. ಇದ್ಯಾವುದಕ್ಕೂ ವಿದೇಶದಿಂದ ಯಂತ್ರ ತರಿಸಬೇಕಿಲ್ಲ. ಕೃತಕ ಕಣ್ಣು ಹಾಕಿಕೊಂಡು ಓಡಾಡುವ ಐದು ವರ್ಷದ ಹುಡುಗಿಯನ್ನು ನೋಡಿದ ಮೇಲೆ, ಗಂಟೆಗಟ್ಟಲೆ ವಿವರಿಸಿದರೂ ಒಪ್ಪದ ಅಪ್ಪಂದಿರು ಒಪ್ಪುತ್ತಾರೆ.

ಬಂಧುಬಳಗಕ್ಕೂ ಇದರಲ್ಲಿ ಕೆಲಸವಿದೆ. ಕಾರಿಡಾರಿನಲ್ಲಿ ನಿಂತವನಿಗೆ ಫೋನಿನಲ್ಲಿ ಹೊಸ ಆಸ್ಪತ್ರೆಯ ಹೆಸರು, ನಾಟಿ ಔಷಧದ ವಿಳಾಸ ಹೇಳುವ ಮುಂಚೆ, ಡಾಕ್ಟರು ಏನಂದರು ಎಂದು ಪೂರ್ತಿ ಕೇಳಿಸಿಕೊಳ್ಳಿ. ಸಾಧ್ಯವಾದರೆ ಬಸ್ಸು ಹತ್ತಿ ಬಂದು ಡಾಕ್ಟರ ಎದುರು ನೀವೂ ಕೂತುಕೊಳ್ಳಿ. ಬರಲಾಗದಿದ್ದರೆ ಊರಲ್ಲಿ ಉಳಿದ ಹಿರಿ ಮಗನನ್ನು ಶಾಲೆಗೆ ಯಾರು ಬಿಡುತ್ತಿದ್ದಾರೆ, ಎಮ್ಮೆಗೆ ಮೇವು ಯಾರು ಹಾಕುತ್ತಿದ್ದಾರೆ ಎಂದು ವಿಚಾರಿಸಿ. ಮತ್ತೆ, ಫೋನನ್ನು ತಾಯಿಯ ಕೈಗೆ ಕೊಡಲು ಹೇಳಿ. ‘ನಿನಗ ಏನ್ ಅನ್ನಸ್ತದವಾ?’ ಎಂದು ಅವಳನ್ನು ಕೇಳಿ.